ಪೂಜೆಗೆ ಕೂತ ಬಾವುಟ

ಎಲ್ಲಾ ಶುರುವಾದದ್ದು ಒಂದು ಗೇಣು ಹೊಲಿಗೆ ಬಿಟ್ಟದ್ದರಿಂದ.

ಲೀಡ್ಸಿನ ಒಂದು ಆಸ್ಪತ್ರೆಯಲ್ಲಿ ದಿನೇಶ ಅರಿವಳಿಕೆ ಕೊಡುವ ಡಾಕ್ಟರು. ಅಲ್ಲಿ ಡಾಕ್ಟರುಗಳ ರೋಟಾ ಬರೆಯುವವರು ಮಿಸೆಸ್ ಫ್ಯಾರೆಲ್. ಯಾರು ಯಾವತ್ತು ದುಡಿಯಬೇಕು, ಯಾರಿಗೆ ರಜೆ, ಎಲ್ಲ ಆಕೆಯ ಪೆನ್ಸಿಲಿನ ತುದಿಯಲ್ಲಿ. ದೊಡ್ಡ ದೊಡ್ಡ ಸರ್ಜನ್ನರೂ ಆಕೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ಎಂಬ ಪುಟ್ಟ ದ್ವೀಪ ಆಕೆಯ ಊರು. ಜ್ವಾಲಾಮುಖಿ ಸಿಡಿದು ರಾಜಧಾನಿಯನ್ನೇ ಬೂದಿಯಲ್ಲಿ ಹೂತ ಮೇಲೆ ಎರಡು ಸೂಟ್‌ಕೇಸು, ದ್ವೀಪದ ಒಂದು ಬಾವುಟ ಹಿಡಿದು ಇಲ್ಲಿಗೆ ಬಂದಿದ್ದರು.

ಆ ಬಾವುಟದ ಅಂಚೇ ಬಿಟ್ಟುಹೋಗಿತ್ತು. ಶನಿವಾರ ಚರ್ಚಿನ ಹಾಲಿನಲ್ಲಿ ದ್ವೀಪದವರ ಸಭೆ, ಲಂಡನ್ನಿನಿಂದ ಅವರ ಸರ್ಕಾರದ ಅಧಿಕಾರಿ ಬರುವವರಿದ್ದರು. ಆಕೆ ಪೇಚಾಡುವುದನ್ನು ಕೇಳಿ ದಿನೇಶ ಬಾಯಿ ಹಾಕಿದ. "ನನ್ನ ಹೆಂಡ್ತಿ ಹತ್ರ ಹೊಲಿಗೆ ಮಷೀನ್ ಇದೆ. ಕೊಡಿ, ಸರಿಮಾಡಿಸಿ ತರ್ತೀನಿ."

"ಶನಿವಾರ ನಾಲ್ಕರೊಳಗೆ ಬಾವುಟ ಬಂದ್ರೆ ನಿಮ್ಮ ಕ್ರಿಸ್ಮಸ್ ರಜೆ ಬಂತು ಅಂದ್ಕೊಳ್ಳಿ ಡಾಕ್ಟರ್" ಎಂದರು ಮಿಸೆಸ್ ಫ್ಯಾರೆಲ್.

ಆ ಎರಡು ವಾರದ ರಜೆಗಾಗಿ ದಿನೇಶ ಏನು ಬೇಕಾದರೂ ಹೊಲಿಸಲು ತಯಾರಿದ್ದ. ಅತ್ತೆ ಜಲಜಮ್ಮನವರನ್ನು ಮೈಸೂರಿಗೆ ಬಿಟ್ಟುಬರಬೇಕಿತ್ತು. ಒಬ್ಬರೇ ವಿಮಾನ ಹತ್ತುವವರಲ್ಲ ಅವರು. ಬಂದು ಹದಿನೈದು ದಿನವಷ್ಟೇ ಆಗಿತ್ತು; ಹೆಡಿಂಗ್ಲೀ ಬಡಾವಣೆಯ ಅವನ ಎರಡು ಬೆಡ್‌ರೂಮಿನ ಮನೆಯಲ್ಲಿ ಅಳಿಯನ ಹಾಸಿಗೆ ಸೋಫಾಕ್ಕೆ ಬಂದಿತ್ತು, ಈರುಳ್ಳಿ ಅಡುಗೆಮನೆಯಿಂದ ಗಡೀಪಾರಾಗಿತ್ತು, ಬೆಳಗಿನ ಐದಕ್ಕೆಲ್ಲ ದೇವರ ಗಂಟೆ ಮೊಳಗುತ್ತಿತ್ತು. ದಿನೇಶನಿಗೆ ಅತ್ತೆಯ ಮೇಲೆ ಪ್ರೀತಿ ಇಲ್ಲದೆ ಇಲ್ಲ. ಮೈಸೂರಿನಲ್ಲಿರುವ ಅತ್ತೆಯ ಮೇಲೆ ಇನ್ನೂ ಸ್ವಲ್ಪ ಹೆಚ್ಚು.

ಶನಿವಾರ ಮಹಾನವಮಿ. ಹನ್ನೊಂದು ಗಂಟೆಗೆ ದಿನೇಶ ಬಾವುಟ ಹುಡುಕಿದ. ಹೆಂಡತಿ ನೀರಜಾ ಹಿಂದಿನ ದಿನವೇ ಹೊಲಿದು ಇಸ್ತ್ರಿ ಮಾಡಿಟ್ಟಿದ್ದಳು. ಈಗ ಅದು ಮುಂದಿನ ಕೋಣೆಯಲ್ಲಿ, ಸರಸ್ವತಿ ಪೂಜೆಯ ಮಣೆಯ ಮೇಲೆ ಕೂತಿತ್ತು. ಸುತ್ತ ಮಗಳು ತನ್ವಿಯ ಪುಸ್ತಕ, ಅವನ ಸ್ಟೆತೊಸ್ಕೋಪು, ಕಾರಿನ ಕೀಲಿ. ಬಾವುಟದ ಮೇಲಿನ ಚಿತ್ರದಲ್ಲಿ ಹಸಿರು ಉಡುಗೆಯ ಹೆಂಗಸು, ಅವಳ ಕೈಯಲ್ಲಿ ತಂತಿವಾದ್ಯ. ಹಣೆಗೆ ಕುಂಕುಮ, ಮುಡಿಗೆ ಸೇವಂತಿಗೆ ಬಿದ್ದಾಗಿತ್ತು.

"ಅತ್ತೆ, ಇದನ್ನ ಯಾಕೆ ಇಲ್ಲಿಟ್ರಿ?"

"ಹಸಿರು ಸೀರೆ, ಕೈಯಲ್ಲಿ ವೀಣೆ. ಪಾಪ, ಇಸ್ತ್ರಿ ಮೇಜಿನ ಮೇಲೆ ಬಿದ್ದಿದ್ಲು. ಸರಸ್ವತೀನ ಹಾಗೆ ಬಿಸಾಡ್ತಾರಾ?"

"ಅದು ವೀಣೆ ಅಲ್ಲ, ಹಾರ್ಪು. ಐರ್ಲೆಂಡಿನವರ ವಾದ್ಯ. ಅವರು ಹಿಂದೆ ಆ ದ್ವೀಪಕ್ಕೆ ಹೋಗಿ ನೆಲೆಸಿದ್ರು. ಪಕ್ಕದಲ್ಲಿ ಶಿಲುಬೆ ಇದೆ ನೋಡಿ."

"ಅಷ್ಟು ಹೊತ್ತು ನುಡಿಸೋಳಿಗೆ ಒರಗಿಕೊಳ್ಳೋಕೆ ಏನಾದ್ರೂ ಬೇಡ್ವಾ."

"ಇದು ಸರ್ಕಾರದ ಚಿಹ್ನೆ ಅತ್ತೆ. ಇಂಗ್ಲೆಂಡಿನ ರಾಣಿ ಗವರ್ನರನ್ನ ನೇಮಿಸ್ತಾರೆ, ಚೀಫ್ ಮಿನಿಸ್ಟರ್ ಇದಾರೆ, ಶಾಸನಸಭೆ ಇದೆ. ದೇವರಿಗೂ ಇದಕ್ಕೂ ಏನು ಸಂಬಂಧ?"

"ನಮ್ಮ ಮೈಸೂರಲ್ಲೂ ಬ್ರಿಟಿಷರ ರೆಸಿಡೆಂಟ್ ಇದ್ದ, ದಿವಾನರಿದ್ರು, ಸಭೆ ಇತ್ತು, ಗಂಡಭೇರುಂಡದ ಮುದ್ರೆ ಇತ್ತು. ಹಾಗಂತ ಚಾಮುಂಡಿಗೆ ಪೂಜೆ ನಿಲ್ಲಿಸಿದ್ರಾ? ನಾಳೆ ವಿಜಯದಶಮಿ ಪೂಜೆ ಆಗೋವರೆಗೆ ಇಲ್ಲಿಟ್ಟಿದ್ದನ್ನ ಮುಟ್ಟೋ ಹಾಗಿಲ್ಲ ಅಳಿಯಂದ್ರೆ. ಪುಸ್ತಕಾನೂ ಅಷ್ಟೆ, ಬಾವುಟಾನೂ ಅಷ್ಟೆ."

"ಕಾರಿನ ಕೀಲಿ?"

"ಅದೂ ಅಷ್ಟೆ."

ದಿನೇಶ ಹೆಂಡತಿಯ ಕಡೆ ತಿರುಗಿದ. ನೀರಜಾ ಮೆಲ್ಲಗೆ ಹೇಳಿದಳು, "ರೀ, ಅಮ್ಮನ್ನ ಒಪ್ಪಿಸೋದು ನನ್ನ ಕೈಲಾಗಲ್ಲ. ಪಕ್ಕದ ಮನೆ ಬಸವಲಿಂಗಪ್ಪನೋರನ್ನ ಕರೀರಿ."

ಬಸವಲಿಂಗಪ್ಪನವರು ನಿವೃತ್ತ ಫ್ಯಾಮಿಲಿ ಡಾಕ್ಟರು. ಇಡೀ ಬೀದಿಗೆ ಕೇಳದಿದ್ದರೂ ಸಲಹೆ ಕೊಡುವವರು, ಇನ್ನು ಕೇಳಿದರೆ ಬಿಡುತ್ತಾರೆಯೇ. ಬಂದವರೇ ಗಡಿಯಾರ ನೋಡಿದರು. "ಅಮ್ಮಾರೆ, ಮೈಸೂರಲ್ಲಿ ಆಗಲೇ ಸಂಜೆ. ಇನ್ನೇನು ನಾಳೆ ಬಂದಂಗೇ. ಒಂದು ಮಂಗಳಾರತಿ ಮಾಡಿ ಎತ್ತಿಬಿಡಿ."

"ಹಾಗಾದ್ರೆ ನೀವು ಮೈಸೂರು ಟೈಮಿನ ಪ್ರಕಾರ ಊಟ ಮುಗಿಸಿರ್ತೀರಿ. ಚಿತ್ರಾನ್ನ ಬಡಿಸೋಣ ಅಂತಿದ್ದೆ, ಬಿಡಿ" ಎಂದರು ಜಲಜಮ್ಮ.

ಬಸವಲಿಂಗಪ್ಪನವರು ತಟ್ಟೆಯ ಮುಂದೆ ಕೂತರು. ಎರಡನೇ ಸಲ ಬಡಿಸಿಕೊಳ್ಳುವ ಹೊತ್ತಿಗೆ ಪಕ್ಷಾಂತರವೂ ಮುಗಿದಿತ್ತು. "ಶಾಸ್ತ್ರ ಅಂದ್ರೆ ಶಾಸ್ತ್ರ ಡಾಕ್ಟ್ರೆ. ನಾವು ನೀವು ಬದಲಾಯಿಸೋಕಾಗುತ್ತಾ?"

ಉಳಿದದ್ದು ಕಳ್ಳತನ ಒಂದೇ. ಅತ್ತೆ ಪಾತ್ರೆ ತೊಳೆಯಲು ಹೋದದ್ದೇ ತಡ, ದಿನೇಶ ಅಂಬೆಗಾಲಿಟ್ಟುಕೊಂಡು ಮಣೆಯ ಕಡೆ ಹೊರಟ. ಬಾವುಟದ ತುದಿ ಬೆರಳಿಗೆ ಸಿಕ್ಕಿತು.

"ಅಜ್ಜೀ, ಡ್ಯಾಡಿ ಈಸ್ ಟಚಿಂಗ್ ಸರಸ್ವತಿ" ಎಂದಳು ಎಂಟು ವರ್ಷದ ತನ್ವಿ, ಸೋಫಾದ ಮೇಲಿಂದ.

ಕಾದ ಕಾವಲಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಬಂತು. ಅದೇ ಹೊತ್ತಿಗೆ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು.

"ಡಾಕ್ಟರ್, ಮೂರು ಗಂಟೆ ಆಯ್ತು. ನನ್ನ ಬಾವುಟ ಎಲ್ಲಿ?"

"ಇಲ್ಲೇ ಇದೆ ಮಿಸೆಸ್ ಫ್ಯಾರೆಲ್. ಸ್ವಲ್ಪ... ಪ್ರೇಯರ್‌ನಲ್ಲಿದೆ."

"ನಿಮ್ಮ ಪೋಸ್ಟ್‌ಕೋಡ್ ಹೇಳಿ."

ಇಪ್ಪತ್ತು ನಿಮಿಷದಲ್ಲಿ ಆಕೆ ಬಾಗಿಲಲ್ಲಿದ್ದರು. ಕಂಕುಳಲ್ಲಿ ಕೈಚೀಲ, ಅದರಿಂದ ಇಣುಕುತ್ತಿದ್ದ ರೋಟಾ. ದಿನೇಶ ಮುಖ ತಗ್ಗಿಸಿ ಒಳಗೆ ಕರೆದ. ಮಣೆಯ ಮುಂದೆ ಆಕೆ ನಿಂತೇಬಿಟ್ಟರು. ಎರಡು ದೀಪ ಉರಿಯುತ್ತಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು. ಹೋಯ್ತು ರಜೆ ಎಂದುಕೊಂಡ ದಿನೇಶ.

ಮಿಸೆಸ್ ಫ್ಯಾರೆಲ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. "ನಮ್ಮೂರು ಬೂದಿಯಾಗಿ ಇಷ್ಟು ವರ್ಷ ಆಯ್ತು ಡಾಕ್ಟರ್. ಯಾರೂ ಇವಳ ಮುಂದೆ ಒಂದು ದೀಪ ಹಚ್ಚಿರಲಿಲ್ಲ."

ಜಲಜಮ್ಮನವರಿಗೆ ಇಂಗ್ಲಿಷು ಅರ್ಥವಾಗದಿದ್ದರೂ ಕಣ್ಣೀರು ಅರ್ಥವಾಯಿತು. ಎದ್ದು ಬಂದು ಆಕೆಗೆ ಕುಂಕುಮ ಇಟ್ಟರು; ತೆಂಗಿನಕಾಯಿ, ರವಿಕೆ ಕಣ ಮಡಿಲಿಗೆ ಹಾಕಿದರು. ನಾಳೆಯವರೆಗೆ ಎತ್ತುವ ಹಾಗಿಲ್ಲ ಎಂಬುದನ್ನು ತನ್ವಿ ಇಂಗ್ಲಿಷಿನಲ್ಲಿ ಹೇಳಿದಳು. ಮಿಸೆಸ್ ಫ್ಯಾರೆಲ್ ತಲೆಯಾಡಿಸಿ ಚರ್ಚಿನ ಹಾಲಿಗೆ ಫೋನು ಮಾಡಿದರು. "ಬಾವುಟ ಬರಲ್ಲ. ನೀವೇ ಎಲ್ಲರೂ ಇಲ್ಲಿಗೆ ಬನ್ನಿ."

ನಾಲ್ಕು ಗಂಟೆಗೆ ನಲವತ್ತು ಜನ ಬಂದರು. ಫುಟ್‌ಪಾತಿನ ತುಂಬ ಬೂಟು, ಎದುರು ಮನೆಯ ವಿದ್ಯಾರ್ಥಿಗಳು ಕಿಟಕಿಯಲ್ಲಿ. ಲಂಡನ್ನಿನ ಅಧಿಕಾರಿ ಉಸಲಿಯ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲೇ ಭಾಷಣ ಮಾಡಿದರು. ಶಾಸನಸಭೆಗೆ ಚುನಾಯಿತರಾಗುವವರು ಒಂಬತ್ತು ಜನ ಎಂದದ್ದನ್ನು ತನ್ವಿ ಅನುವಾದಿಸಿದಾಗ ಜಲಜಮ್ಮ ಮೆಚ್ಚಿಕೊಂಡರು. "ನವರಾತ್ರಿಗೆ ಸರಿಯಾಗಿ ಇಟ್ಕೊಂಡಿದಾರೆ." ಬಸವಲಿಂಗಪ್ಪನವರು ಎಲ್ಲರಿಗೂ ಶಾಸ್ತ್ರ ವಿವರಿಸುತ್ತಾ ಓಡಾಡಿದರು.

ಎಲ್ಲರೂ ಹೋದ ಮೇಲೆ ಮಿಸೆಸ್ ಫ್ಯಾರೆಲ್ ರೋಟಾ ಬಿಚ್ಚಿ ಪೆನ್ಸಿಲು ತೆಗೆದರು. "ಡಾಕ್ಟರ್, ಮಾತಿಗೆ ತಪ್ಪೋಳಲ್ಲ ನಾನು. ಕ್ರಿಸ್ಮಸ್‌ಗೆ ಎರಡು ವಾರ ರಜೆ." ದಿನೇಶನಿಗೆ ಸೋಫಾದಿಂದ ಆಗಲೇ ಬಿಡುಗಡೆಯಾದಷ್ಟು ಹಿಗ್ಗಾಯಿತು. ಆಕೆ ಜಲಜಮ್ಮನ ಕೈ ಹಿಡಿದು ಏನೋ ಹೇಳಿದರು.

"ಅಜ್ಜಿ, ಮಾರ್ಚ್ ಸೆವೆಂಟೀನ್ತ್ ಅವರ ಬಿಗ್ ಫೆಸ್ಟಿವಲ್. ನೀವು ಬರ್ಲೇಬೇಕಂತೆ" ಎಂದಳು ತನ್ವಿ.

"ಬರ್ತೀನಿ ಅನ್ನು. ವೀಸಾ ಮಾರ್ಚ್ ಕೊನೇವರೆಗೂ ಇದೆ. ಟಿಕೆಟ್ ಮುಂದಕ್ಕೆ ಹಾಕಿದ್ರಾಯ್ತು."

ದಿನೇಶ ಬಾಯಿ ತೆರೆಯುವಷ್ಟರಲ್ಲಿ ಜಲಜಮ್ಮ ರೋಟಾ ಕಡೆ ಬಗ್ಗಿ ನೋಡಿದರು. "ಅಲ್ಲ, ಕ್ರಿಸ್ಮಸ್ ದಿನ ಆಸ್ಪತ್ರೆಲಿ ಯಾರಿರ್ತಾರಂತೆ, ಕೇಳು."

ತನ್ವಿ ಕೇಳಿದಳು. ಯಾರೂ ಒಪ್ಪುವುದಿಲ್ಲ, ಪ್ರತಿ ವರ್ಷ ಅದೇ ತಲೆನೋವು ಎಂದರು ಮಿಸೆಸ್ ಫ್ಯಾರೆಲ್.

"ಪಾಪ, ಇಲ್ಲಿಯವರಿಗೆ ವರ್ಷಕ್ಕೊಂದು ಹಬ್ಬ. ನಾವಂತೂ ಊರಿಗೆ ಹೋಗ್ತಿಲ್ಲ. ಎರಡು ವಾರಾನೂ ನಮ್ಮ ಅಳಿಯಂದ್ರೇ ಮಾಡ್ತಾರೆ ಅಂತ ಹೇಳು ಪುಟ್ಟಿ. ಅವರು ಯಾರಿಗೂ ಇಲ್ಲ ಅನ್ನೋರಲ್ಲ."

ತನ್ವಿ ಒಂದಕ್ಷರ ಬಿಡದೆ ಅನುವಾದಿಸಿದಳು. ಮಿಸೆಸ್ ಫ್ಯಾರೆಲ್ ದಿನೇಶನನ್ನು ಅಪ್ಪಿಕೊಂಡು, ರಬ್ಬರಿನಲ್ಲಿ ರಜೆ ಅಳಿಸಿ, ರೋಟಾದ ಹದಿನಾಲ್ಕು ಮನೆಗಳಲ್ಲೂ ಅವನ ಹೆಸರು ಬರೆದರು.