ಅತ್ತೆಯ ತೆಂಗಿನಕಾಯಿ ಪಾಠ

ಡಾಕ್ಟರ ಮಾತನ್ನು ನನ್ನ ಸೋದರತ್ತೆ ಒಪ್ಪಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಪೂರ್ತಿ ಕೇಳಿಸಿಕೊಳ್ಳದೆ! ನಾಲ್ಕನೇ ಕ್ಲಾಸಿನ ನನ್ನ ಮಗಳಿಗೆ ಡಿಸ್ಕ್ಯಾಲ್ಕುಲಿಯಾ. ಬುದ್ಧಿ ಚುರುಕೇ, ಅಂಕಿ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ವಸ್ತುಗಳನ್ನು ಕೈಗೆ ಕೊಟ್ಟು ನಿಧಾನವಾಗಿ ಕಲಿಸಿ ಎಂದಿದ್ದರು ಡಾಕ್ಟರು. ಫೋನಿನಲ್ಲಿ ನಾನು "ವಸ್ತು" ಅನ್ನುವಷ್ಟರಲ್ಲಿ ಅತ್ತೆ ಫೋನಿಟ್ಟರು. ಮರುದಿನ ಶೆಟ್ಟಿಕೆರೆ ಬಸ್ಸಿನಿಂದ ಒಂದು ಮೂಟೆ ತೆಂಗಿನಕಾಯಿ ಸಮೇತ ಚಿಕ್ಕನಾಯಕನಹಳ್ಳಿಯ ನಮ್ಮ ಮನೆಗೆ ಹಾಜರ್!

ಬಂದವರೇ ಗೋಡೆಯ ಮಗ್ಗಿ ಚಾರ್ಟನ್ನು ತಿರುಗಿಸಿ ಹಾಕಿದರು. "ಬೆಳಗೆದ್ದು ಇದರ ಮುಖ ನೋಡಿದ್ರೆ ಯಾರಿಗೆ ಜ್ವರ ಬರಕಿಲ್ಲ ಹೇಳು?"

ಆಮೇಲೆ ನಡುಮನೆ ತುಂಬ ಐದೈದರ ಗುಂಪು ಮಾಡಿಟ್ಟ ಕಾಯಿ. ನನ್ನವರು ಎಡವಿ ಬಿದ್ದರೆ, "ನೋಡ್ಕಂಡು ಓಡಾಡಪ್ಪ, ಐದರ ಗುಂಪು ಚೆದುರೋಯ್ತು!" ಎಂದು ಬೈಗುಳ ಬೇರೆ. ಮೊಣಕಾಲಿನ ವಿಚಾರ ಕೇಳುವವರು ಯಾರು? ಮಗಳು ಕಿಲಕಿಲ ನಕ್ಕಳು. ಲೆಕ್ಕದ ಹೊತ್ತಿನಲ್ಲಿ ಅವಳು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ.

ಎಡವಟ್ಟಾದದ್ದು ಶಾಲೆಯಲ್ಲಿ. ನಮ್ಮ ಕಡೆ ಕಾಯಿ ಎಣಿಸುವ ಹಿರಿಯರು ಮೊದಲನೆಯದಕ್ಕೆ "ಒಂದು" ಅನ್ನುವುದಿಲ್ಲ, ಶುಭವಾಗಲೆಂದು "ಲಾಭ" ಅನ್ನುತ್ತಾರೆ. ಅತ್ತೆ ಹಾಗೇ ಕಲಿಸಿದ್ದರು. ಮಿಸ್ಸು ಎಣಿಸು ಅಂದರೆ ಇವಳು ಧೈರ್ಯವಾಗಿ "ಲಾಭ, ಎರಡು, ಮೂರು" ಅಂದುಬಿಟ್ಟಳಂತೆ. ಇಡೀ ಕ್ಲಾಸು ಗೊಳ್ಳೆಂದಿತು. ಮನೆಗೆ ಬಂದವಳೇ ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, "ನಾನಿನ್ನು ಸ್ಕೂಲಿಗೆ ಹೋಗಲ್ಲ" ಎಂದಳು. ಮರುದಿನ ಜಪ್ಪಯ್ಯ ಅಂದರೂ ಏಳಲಿಲ್ಲ.

"ತಪ್ಪು ನಂದು ಕಣೇ, ಮಗೀದಲ್ಲ. ಬುಡು, ನಾನೂ ಬತ್ತೀನಿ," ಎಂದು ಅತ್ತೆ ಮಗಳ ಕೈ ಹಿಡಿದರು. ಮೂಟೆ ಹೊರುವ ಭಾಗ್ಯ ನನ್ನದು!

ಕ್ಲಾಸಿನಲ್ಲಿ ನಿಂತು ಅತ್ತೆ ಘೋಷಿಸಿದರು: "ನಾನು ಹೇಳ್ಕೊಟ್ಟಿದ್ದು ಕಣ್ರಪ್ಪ. ನಗೋದಾದ್ರೆ ನನ್ನ ನೋಡಿ ನಗ್ರಿ!" ಯಾರಿಗಿದೆ ಆ ಧೈರ್ಯ? ಮಿಸ್ಸು ಒಳ್ಳೆಯವರು, ಮುಗುಳ್ನಕ್ಕು ಮೇಜಿನ ಮೇಲೆ ಎಂಟು ಕಾಯಿ, ಪಕ್ಕದಲ್ಲಿ ಐದು ಇಟ್ಟು, ಒಟ್ಟು ಎಷ್ಟೆಂದು ಮಗಳನ್ನು ಕೇಳಿದರು. ಮಗಳು ಒಂದೊಂದನ್ನೇ ಮುಟ್ಟುತ್ತಾ ಹೋದಳು. ಯಾರೋ ಪಿಸುಗುಟ್ಟಿದರು. "ಹೇಳ್ಕೊಡ್ಬೇಡ್ರಲಾ! ಅವಳೇ ಹೇಳ್ತಾಳೆ!" ಎಂದು ಅತ್ತೆ ಗದರಿದರು.

"ಹನ್ನೆರಡು," ಎಂದಳು ಮಗಳು.

ಒಂದು ಕಡಿಮೆಯಾಗಿತ್ತು. ಮನೆಯಲ್ಲಾದರೆ ಉತ್ತರ ತಪ್ಪಾದ ಕೂಡಲೇ ಪೆನ್ಸಿಲ್ ಎಸೆದು ಅಳುವವಳು. ಈಗ ಮಿಸ್ಸಿನ ಮುಖ ನೋಡಿದಳು, ಕಾಯಿಗಳನ್ನು ನೋಡಿದಳು, ಎಲ್ಲವನ್ನೂ ತನ್ನತ್ತ ಎಳೆದುಕೊಂಡಳು.

"ಇರಿ ಮಿಸ್, ಇನ್ನೊಂದ್ಸಲ ಎಣಿಸ್ತೀನಿ."

ಸದಾ ವಟಗುಟ್ಟುವ ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಗ್ಗಿನಿಂದ ಕಣ್ಣೊರೆಸಿಕೊಂಡರು.