ಕ್ಷಮಾಮಂಟಪದ ಮಹಾಮೌನ

ಬಹಳ ಹಿಂದೆ, ಕ್ಷಮೆ ಕೇಳುವುದಕ್ಕೂ ಒಂದು ಇಲಾಖೆ ಬೇಕೆಂದು ಯಾರಿಗೂ ಹೊಳೆಯದಿದ್ದ ಕಾಲದಲ್ಲಿ, ಸೌಮ್ಯಪುರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಮೃದುಹಸ್ತ ಮಹಾರಾಜ. ಅಲ್ಲಿ ಮೌನಮಿತ್ರರೆಂಬ ಸಾಧು ಪಂಗಡವೊಂದಿತ್ತು. ಅವರು ಕತ್ತಿ ಹಿಡಿಯುವವರಲ್ಲ, ಪೂಜಾರಿಯನ್ನು ಇಟ್ಟುಕೊಂಡವರಲ್ಲ. ಸುತ್ತ ಕುಳಿತು ಕಣ್ಣು ಮುಚ್ಚಿ, ಒಳಗಿನ ಬೆಳಕು ಅಪ್ಪಣೆ ಕೊಟ್ಟರೆ ಮಾತ್ರ ಬಾಯಿ ತೆರೆಯುವವರು. ಬಹಳ ಒಳ್ಳೆಯ ಜನ. ಒಳ್ಳೆಯ ಜನರ ಕೈಗೆ ಸಿಕ್ಕವರ ಪಾಡು ಮಾತ್ರ ಕೇಳಬೇಡಿ.

ಮಹಾರಾಜನ ತಂದೆಯ ಕಾಲದಲ್ಲಿ ಮಲೆಯ ಜನರನ್ನು ಸುಧಾರಿಸುವ ಗುತ್ತಿಗೆ ಈ ಮಿತ್ರರಿಗೆ ಸಿಕ್ಕಿತ್ತು. ಸೈನಿಕರು ಮಕ್ಕಳನ್ನು ಹಿಡಿದು ತಂದರು. ಮಿತ್ರರು ಶಾಲೆ ನಡೆಸಿದರು. ಬೆತ್ತವಿಲ್ಲ, ಬೈಗುಳವಿಲ್ಲ. ಜಡೆ ಕತ್ತರಿಸಿದರು, ಇದ್ದ ಹೆಸರು ತೆಗೆದು ಹೆಣ್ಣುಮಕ್ಕಳಿಗೆಲ್ಲ ಶಾಂತಿ ಎಂದು ಹೆಸರಿಟ್ಟು ನಂಬರ್ ಹಾಕಿದರು, ಮಲೆಮಾತು ಆಡಿದವರನ್ನು ಸಂಜೆಯವರೆಗೆ ಮೌನದಲ್ಲಿ ಕೂರಿಸಿದರು. ಅಷ್ಟೇ. ಶಾಲೆಯ ಹಿತ್ತಲಲ್ಲಿ ಹದಿನಾಲ್ಕು ಪುಟ್ಟ ಮಣ್ಣುಗುಡ್ಡೆಗಳೂ ಎದ್ದವು.

ಅರವತ್ತು ವರ್ಷದ ಮೇಲೆ, ನೆರೆರಾಜ್ಯದವರು ಪ್ರಕಟಿಸಿದ ಸದ್ವರ್ತನೆಯ ರ‍್ಯಾಂಕಿಂಗಿನಲ್ಲಿ ಸೌಮ್ಯಪುರಿ ಕೆಳಗಿಳಿಯಿತು.

"ಕ್ಷಮೆ ಕೇಳಿಬಿಟ್ಟರೆ ಹೇಗೆ?" ಎಂದ ಮಹಾರಾಜ.

"ಪ್ರಭುಗಳ ಬಾಯಿಂದ ಕ್ಷಮೆ ಕೇಳಿಸಿಕೊಳ್ಳುವ ಭಾಗ್ಯಕ್ಕಾಗಿ ಜನ ತಾವಾಗಿಯೇ ಬಂದು ಅನ್ಯಾಯ ಮಾಡಿಸಿಕೊಂಡಾರು!" ಎಂದ ಮಹಾಮಂತ್ರಿ ಹೌದಪ್ಪಯ್ಯ.

ಸಭೆ ಸೇರಿತು. ಫಲಾನುಭವಿಗಳ ಪರವಾಗಿ ಮಲೆಯಿಂದ ಕೇತಜ್ಜಿಯನ್ನು ಕರೆಸಿದ್ದರು. ಆ ಶಾಲೆಯಿಂದ ಜೀವಂತ ಮರಳಿದವಳು ಅವಳು. ತಂಗಿ ಹೊಂಬಿ ಮರಳಿರಲಿಲ್ಲ. ಮಹಾರಾಜ ನಲವತ್ತು ಪುಟದ ಕ್ಷಮಾಯಾಚನೆ ಓದಿ ಮುಗಿಸಿ, ಕಣ್ಣೊರೆಸಿಕೊಂಡು, "ಏನಾದರೂ ಹೇಳಮ್ಮ" ಎಂದ.

"ಕ್ಸಮೆ ಗಿಮೆ ನಂಗೊತ್ತಾಗಾಕಿಲ್ಲ ಬುದ್ಧಿ. ನನ್ ತಂಗಿ ಯಾವ ಗುಡ್ಡೆ ಅಡಿ ಮಲಗವ್ಳೆ, ಅದೊಂದ್ ಹೇಳ್ಬುಡಿ. ನಮ್ಮೋರು ಗುಡ್ಡೆ ತಾವ ನಿಂತು ಹೆಸರು ಹಿಡ್ದು ಕೂಗೋಗಂಟ ಸತ್ತೋರು ಮಲೆಗೆ ಬರಾಕಿಲ್ಲ. ಅಂದಾಜಲ್ಲಿ ಕೂಗಿ ಬ್ಯಾರೇರ ಮಕ್ಕಳ್ನ ಎಬ್ಬಿಸ್ಬಾರ್ದು."

ಎಲ್ಲರೂ ಮಿತ್ರರ ಹಿರಿಯ ಸಾಧಯ್ಯನತ್ತ ನೋಡಿದರು. ಹದಿನೆಂಟನೆಯ ವಯಸ್ಸಿನಲ್ಲಿ ಶಾಲೆಯ ರಿಜಿಸ್ಟರ್ ಬರೆದವನು ಅವನೇ. ಅವನಿಗೆ ಗೊತ್ತಿತ್ತು: ಶಾಂತಿ ಮೂವತ್ತೊಂದು, ಬೇಲಿ ಪಕ್ಕದ ಮೂರನೆಯ ಗುಡ್ಡೆ. ತುಟಿ ಅಲುಗಿತು. ಆದರೆ ಒಂದು ಹೇಳಿದರೆ ಉಳಿದ ಹದಿಮೂರನ್ನೂ ಹೇಳಬೇಕಲ್ಲ! ಒಳಗಿನ ಬೆಳಕು ಇನ್ನೂ ಬಂದಿಲ್ಲವೆಂದುಕೊಂಡು ಕಣ್ಣು ಮುಚ್ಚಿದ. ಪದ್ಧತಿಯಂತೆ ಮಿಕ್ಕ ಮಿತ್ರರೂ ಮುಚ್ಚಿದರು. ರಾಜ ಮುಚ್ಚಿದ. ಮಂತ್ರಿಗಳು ರಾಜನಿಗಿಂತ ಬಿಗಿಯಾಗಿ ಮುಚ್ಚಿದರು. ಕೇತಜ್ಜಿ ಒಬ್ಬಳೇ ಕಣ್ಣು ಬಿಟ್ಟುಕೊಂಡು ಕಾದಳು.

"ಆಹಾ, ಎಂಥ ಆಳವಾದ ಉತ್ತರ!" ಎಂದು ಮಹಾರಾಜ ಕೊನೆಗೆ ಉದ್ಗರಿಸಿದ. "ನಮ್ಮ ಕಚೇರಿಗಳಿಗೆ ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲ?"

"ಹೊಳೆದಿತ್ತು ಪ್ರಭು. ಆದೇಶವಿಲ್ಲದೆಯೇ ಪಾಲಿಸುತ್ತಿದ್ದರು" ಎಂದ ಹೌದಪ್ಪಯ್ಯ.

ಅಂದೇ ರಾಜಾಜ್ಞೆ ಹೊರಟಿತು: ಇನ್ನು ಮೇಲೆ ಸಕಲ ಅರ್ಜಿಗಳಿಗೂ ಮೌನವೇ ಅಧಿಕೃತ ಉತ್ತರ, ಉತ್ತರ ಕೇಳಿಸದಿದ್ದರೆ ಅರ್ಜಿ ವಿಲೇವಾರಿಯಾಗಿದೆಯೆಂದು ತಿಳಿಯತಕ್ಕದ್ದು. ವಾರದೊಳಗೆ ರಾಜ್ಯದ ಬಾಕಿ ಕಡತಗಳೆಲ್ಲ ಖಾಲಿಯಾಗಿ ರ‍್ಯಾಂಕಿಂಗಿನಲ್ಲಿ ಮೊದಲ ಸ್ಥಾನ ಬಂತು. ಸಂಭ್ರಮಕ್ಕೆ ಶಾಲೆಯ ಹಿತ್ತಲಲ್ಲಿ ಅಮೃತಶಿಲೆಯ ಕ್ಷಮಾಮಂಟಪ ಕಟ್ಟಿಸಿದರು. ಫಲಾನುಭವಿಗಳು ಮಲೆಯವರೇ ಆದ್ದರಿಂದ ಕ್ಷಮಾ ಸೆಸ್ಸನ್ನು ಅವರ ಜೇನಿನ ಮೇಲೂ ಬಿದಿರಿನ ಮೇಲೂ ಹಾಕಿದರು. ನೆಲ ಸಮ ಮಾಡುವಾಗ ಗುಡ್ಡೆಗಳು ಅಡ್ಡ ಬಂದವು. ಆಮೇಲೆ ಅಡ್ಡ ಬರಲಿಲ್ಲ.

ಉದ್ಘಾಟನೆಯ ದಿನ ಕೇತಜ್ಜಿ ಆ ನುಣುಪು ಕಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ಹುಡುಕುತ್ತ ನಡೆದಳು. ಕೊನೆಗೆ, ಬೇರೆಯವರ ಮಕ್ಕಳು ಎದ್ದರೆ ಏಳಲಿ ಎಂದು ನಡುಮಂಟಪದಲ್ಲಿ ನಿಂತು ಕೂಗಿಯೇಬಿಟ್ಟಳು:

"ಹೊಂಬೀ! ಬಾರವ್ವ, ಮಲೆಗ್ ಹೋಗನ!"

ಮಹಾಮೌನಕ್ಕೆ ಭಂಗ! ಘೋರ ಅಪರಾಧ. ಆದರೂ ಮಹಾರಾಜನ ಹೆಸರೇ ಮೃದುಹಸ್ತ. "ಛೆ, ಸೆರೆಮನೆ ಬೇಡ. ಅಜ್ಜಿಗೆ ವಸತಿಸಹಿತ ಶಾಂತಿ ತರಬೇತಿ ಕೊಡಿ" ಎಂದ. ಸಭೆ ಚಪ್ಪಾಳೆ ತಟ್ಟಿತು, ಸದ್ದಾಗದಂತೆ.

ಶಾಲೆಯಲ್ಲಿ ಕೇತಜ್ಜಿಯ ಬಿಳಿ ಜಡೆ ಕತ್ತರಿಸಿದರು. ಅವಳ ಹಳೆಯ ನಂಬರ್ ಇನ್ನೂ ಖಾಲಿಯಿತ್ತು. ಸಾಧಯ್ಯ ರಿಜಿಸ್ಟರ್ ತೆರೆದು, ಅಂದಿನ ಮುದ್ದಾದ ಅಕ್ಷರದಲ್ಲೇ ಬರೆದ: ಶಾಂತಿ ಮೂವತ್ತು.

ಕೇತಜ್ಜಿ ಬಗ್ಗಿ ನೋಡಿದಳು.

"ಅಯ್ಯಾ, ನನ್ ಗುಡ್ಡೆ ಯಾವ್ದು ಅಂತ ಅದ್ರ ಪಕ್ಕದಲ್ಲೇ ಬರ್ದಿಡಿ. ಕೂಗಾಕ್ ಬರೋರ್ಗೆ ಕಷ್ಟ ಆಗ್ಬಾರ್ದು."

ಸಾಧಯ್ಯ ಕಣ್ಣು ಮುಚ್ಚಿದ.