ನಿದ್ದೆಯ ಸಂರಕ್ಷಣೆ

ಹನ್ನೆರಡನೇ ವಾರ್ಡಿನ ಚುನಾವಣೆಯಲ್ಲಿ ಹಸಿರು ಪಕ್ಷವು ಭಾರಿ ಅಂತರದಿಂದ ಗೆದ್ದಿದ್ದು, ಗೆಲುವಿಗೆ ಕಾರಣವೇನೆಂದು ಸದರಿ ಪಕ್ಷಕ್ಕೂ ತಿಳಿದಿರಲಿಲ್ಲ. ಆದ್ದರಿಂದ ಕಾರಣ ಪತ್ತೆಮಾಡಲು ಅಂಕಿಅಂಶ ಕಚೇರಿಯ ಗುಮಾಸ್ತೆಯನ್ನು ನೇಮಿಸಲಾಯಿತು. ಆರು ವರ್ಷದಿಂದ ಹಂಗಾಮಿಯಾಗಿದ್ದ ಆಕೆಗೆ, ವರದಿ ಒಪ್ಪಿಗೆಯಾದರೆ ಕೆಲಸ ಕಾಯಂ ಎಂದು ಹೇಳಲಾಗಿತ್ತು. ಆಕೆಗೆ ಕೊಟ್ಟ ನಮೂನೆಯಲ್ಲಿ ಅಚ್ಚಾಗಿದ್ದ ಕಾರಣ ಒಂದೇ: ಪರಿಸರ ಪ್ರೇಮ.

ಮೊದಲು ಸಿಕ್ಕವನು ದರ್ಜಿ.

“ಅವರು ಸೈಕಲ್ ಮೇಲೆ ಬಂದ್ರಮ್ಮ. ಮೈಕ್ ಇಲ್ಲ, ಪಟಾಕಿ ಇಲ್ಲ. ಮಧ್ಯಾಹ್ನ ಕಣ್ತುಂಬಾ ನಿದ್ದೆ ಮಾಡ್ದೆ.”

“ಪರಿಸರ ಪ್ರೇಮ ಅಂತ ಬರ್ಕೊಳ್ಲಾ ಅಣ್ಣ?”

“ಪ್ರೇಮ ಗೀಮ ಬೇಡಮ್ಮ, ನನ್ನ ಹೆಂಡ್ತಿ ಓದ್ತಾಳೆ.”

ನಾನೂರ ಹನ್ನೆರಡು ಮನೆಗಳಲ್ಲೂ ಇದೇ ಉತ್ತರ. ಸುಳ್ಳು ಗೀಚಿದರೆ ಕೆಲಸ ಕಾಯಂ. ನಿಜ ಬರೆದರೆ ಏನೋ ಎಂತೋ. ಆದರೂ ‘ನಿದ್ದೆ’ ಎಂದೇ ಬರೆದಳು.

ಕಚೇರಿಯ ಸಾಹೇಬರು ವರದಿ ಓದಿ ಕನ್ನಡಕ ಏರಿಸಿದರು. “ನಿದ್ದೆ ನೈಸರ್ಗಿಕವೇನ್ರೀ?”

“ಹೌದು ಸಾರ್. ನಮ್ಮ ಸಭೆಗಳಲ್ಲಿ ತಾನಾಗಿಯೇ ಬರುತ್ತೆ.”

“ಹಾಗಾದ್ರೆ ಅದು ನೈಸರ್ಗಿಕ ಸಂಪನ್ಮೂಲ!”

ಆಕೆ ಕಾಯಂ ಆದಳು. ವಾರದೊಳಗೆ ಪ್ರಕಟಣೆ ಹೊರಟಿತು: “ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ನಿದ್ದೆಯನ್ನು ಸಂರಕ್ಷಿಸಲಾಗಿದೆ. ಸದರಿ ಅವಧಿಯಲ್ಲಿ ಎಚ್ಚರವಿರಬಯಸುವವರು ಪರವಾನಗಿ ಪಡೆಯತಕ್ಕದ್ದು.”

ಪಾಲನೆ ಪರಿಶೀಲಿಸಲು ನಿದ್ರಾ ನಿರೀಕ್ಷಕರು ದಿನವೂ ಎರಡೂವರೆಗೆ ಮನೆಮನೆಯ ಬಾಗಿಲು ಬಡಿದರು. ತೆರೆದವರು ಎಚ್ಚರವಿದ್ದುದು ಸಾಬೀತಾದ್ದರಿಂದ ಅಲ್ಲಿಯೇ ನೋಟಿಸು. ತೆರೆಯದವರ ನಿದ್ದೆಗೆ ಸಾಕ್ಷಿ ಇಲ್ಲವಾದ್ದರಿಂದ, ತೆರೆಯುವವರೆಗೂ ಬಡಿಯಲಾಯಿತು.

ಪರವಾನಗಿ ಕೌಂಟರಿಗೆ ಗುಮಾಸ್ತೆಯನ್ನೇ ಕೂರಿಸಿದರು. ಸರದಿ ರಸ್ತೆಯ ತಿರುವು ದಾಟಿತ್ತು. ಮುಂದೆ ಕಣ್ಣು ಕೆಂಪಗಾದ ದರ್ಜಿ ನಿಂತಿದ್ದ. ಆಕೆಗೆ ತಲೆ ಎತ್ತಲಾಗಲಿಲ್ಲ.

“ತಪ್ಪಾಯ್ತಣ್ಣ. ನನ್ನ ವರದಿಯಿಂದ್ಲೇ ಇದೆಲ್ಲಾ ಆಗಿದ್ದು.”

“ಅಯ್ಯೋ ಬಿಡಮ್ಮ. ಮುಂದಿನ ಸಲಾನೂ ನನ್ನ ಓಟು ಈ ಹಸಿರು ಪಕ್ಷದವ್ರಿಗೇ.”

“ಯಾಕಣ್ಣ?!”

ದರ್ಜಿ ಆಕಳಿಸಿ, ಅರ್ಜಿಗೆ ಸಹಿ ಹಾಕಿದ. “ಇಷ್ಟು ವರ್ಷದಲ್ಲಿ ‘ಚೆನ್ನಾಗಿ ನಿದ್ದೆ ಬಂತೇನಪ್ಪಾ’ ಅಂತ ಮನೆ ಬಾಗಿಲಿಗೆ ಬಂದು ಕೇಳಿದವರು ಇನ್ಯಾರಿದ್ದಾರೆ ಹೇಳು?”

ಸರದಿಯಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿ, ಒಂದು ಹೆಜ್ಜೆ ಮುಂದೆ ಸರಿದರು.